ಬೆಂಕಿ ಡ್ರಿಲ್‌ಗೆ ಬೆಲ್ ಹೊಡೆದರೆ ಮಕ್ಕಳು ಬ್ಯಾಗ್ ಏರಿಸಿಕೊಂಡು ಹೊರಡುತ್ತಾರೆ, ಏನು ಮಾಡೋದು?

ಪ್ರಶ್ನೆ (ಶಿಕ್ಷಕಿ, ಚಿಂತಾಮಣಿ ತಾಲ್ಲೂಕು):
ನಮಸ್ಕಾರ ಸರ್. ನಮ್ಮ ಶಾಲೆಗೆ ಒಂದು ಮಹಡಿ ಇದೆ, ಒಂದರಿಂದ ಎಂಟನೇ ಕ್ಲಾಸು. ಮೆಟ್ಟಿಲು ಒಂದೇ ಕಡೆ. ಹಿಂದುಗಡೆ ಗೇಟ್ ಇದೆ, ದನ ನಾಯಿ ನುಗ್ಗುತ್ತವೆ ಅಂತ ಬೀಗ ಹಾಕಿರುತ್ತೇವೆ. ಹೋದ ವಾರ ಡ್ರಿಲ್ ಮಾಡಿದೆವು. ಉದ್ದ ಬೆಲ್ ಹೊಡೆದದ್ದೇ ತಡ, ಮಕ್ಕಳು ಹೋ ಅಂತ ಕೂಗಿ, ಬ್ಯಾಗ್ ಏರಿಸಿಕೊಂಡು, ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಾ ನಿಂತುಬಿಟ್ಟರು. ಮುಂದಿನ ಸಲ ಸರಿಯಾಗಿ ಮಾಡೋದು ಹೇಗೆ?

ಉತ್ತರ (ನಿವೃತ್ತ ಅಗ್ನಿಶಾಮಕ ಠಾಣಾಧಿಕಾರಿ, ಕೋಲಾರ):
ಮೇಡಂ, ಮಕ್ಕಳದ್ದೇನೂ ತಪ್ಪಿಲ್ಲ. ವರ್ಷವಿಡೀ ಉದ್ದ ಬೆಲ್ ಅಂದ್ರೆ ಮನೆಗೆ ಹೋಗೋದು, ಅವತ್ತು ಮಾತ್ರ ಬೆಂಕಿ ಅಂದ್ರೆ ಅವರಿಗೆ ಹೇಗೆ ಗೊತ್ತಾಗಬೇಕು? ಡ್ರಿಲ್‌ಗೆ ಬೇರೆಯೇ ಸದ್ದು ಇಡಿ. ಪಿಟಿ ಮೇಷ್ಟ್ರ ವಿಷಲ್ ಬಿಟ್ಟು ಬಿಟ್ಟು ಊದಿದರೂ ಸಾಕು, ಕಬ್ಬಿಣದ ತುಂಡು ಬಡಿದರೂ ಸಾಕು. ಕರೆಂಟ್ ಬೆಲ್ ನಂಬಬೇಡಿ, ಬೆಂಕಿ ಬಿದ್ದಾಗ ಮೊದಲು ಆರಿಸೋದೇ ಮೇನ್ ಸ್ವಿಚ್ಚು. ಚಪ್ಪಲಿ ರಾಶಿಯನ್ನು ಇವತ್ತೇ ಬಾಗಿಲಿಂದ ದೂರ ಗೋಡೆ ಪಕ್ಕಕ್ಕೆ ಸರಿಸಿ. ಹೊಗೆಯಲ್ಲಿ ಮೊದಲ ಮಗು ಆ ರಾಶಿಗೆ ಎಡವಿದರೆ ಹಿಂದಿನವರೆಲ್ಲ ಅದರ ಮೇಲೆ ಬೀಳುತ್ತಾರೆ.

ನನಗೆ ಜಾಸ್ತಿ ಚಿಂತೆ ಆಗಿರೋದು ಆ ಹಿಂದಿನ ಗೇಟು. ಬೀಗದ ಕೈ ಯಾರ ಹತ್ತಿರ ಇರುತ್ತೆ? ಅವರು ಅವತ್ತು ರಜೆ ಇದ್ದರೆ? ಶಾಲೆ ನಡೆಯೋ ಹೊತ್ತಲ್ಲಿ ಬೀಗ ಬೇಡವೇ ಬೇಡ, ಒಳಗಿಂದ ಮಕ್ಕಳೂ ತೆಗೆಯೋ ಹಾಗೆ ಬರೀ ಚಿಲಕ ಇರಲಿ, ದನಕ್ಕೆ ಚಿಲಕ ತೆಗೆಯೋಕೆ ಬರಲ್ಲ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದಲ್ಲಿ ಶಾಲೆಯ ಅಡುಗೆಮನೆ ಬೆಂಕಿ ಗರಿಯ ಛಾವಣಿಗೆ ಹಾರಿ 94 ಮಕ್ಕಳು ಸತ್ತರು. ಮೆಟ್ಟಿಲು ಇಕ್ಕಟ್ಟಾಗಿತ್ತು. ಅದರ ಬೆನ್ನಲ್ಲೇ ಸುಪ್ರೀಂ ಕೋರ್ಟ್‌ಗೆ ಕೇಸ್ ಹೋಗಿ, 2009ರಲ್ಲಿ ಶಾಲೆಗಳ ಬೆಂಕಿ ಸುರಕ್ಷತೆ ಬಗ್ಗೆ ತೀರ್ಪು ಬಂತು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಯಾರಾದರೂ ಬೀಗ ಬೇಕೇ ಬೇಕು ಅಂತ ಹಟ ಹಿಡಿದರೆ ಇದನ್ನು ಹೇಳಿ.

ಇನ್ನು ಡ್ರಿಲ್ ವಿಷಯ. ಟೀಚರ್ ಕೈಯಲ್ಲಿ ಹಾಜರಿ ಪುಸ್ತಕ, ಬೇರೇನೂ ಬೇಡ. ಮಕ್ಕಳು ಸಾಲಾಗಿ, ಓಡದೆ, ಬರಿಗೈಲಿ. ಟೀಚರ್ ಕೊನೆಗೆ ಹೊರಬಂದು ಬಾಗಿಲು ಎಳೆದುಕೊಳ್ಳಬೇಕು, ಲಾಕ್ ಮಾಡಬಾರದು. ಮೈದಾನದಲ್ಲಿ ಅಡುಗೆಮನೆಯಿಂದಲೂ ಕಟ್ಟಡದಿಂದಲೂ ದೂರ, ಗಾಡಿ ಬರೋ ದಾರಿ ಬಿಟ್ಟು ನಿಲ್ಲಿಸಿ ಹೆಸರು ಕೂಗಿ. ಎಷ್ಟು ಬೇಗ ಬಂದರು ಅಂತ ಎಲ್ಲರೂ ವಾಚ್ ನೋಡುತ್ತಾರೆ, ಶೌಚಾಲಯಕ್ಕೆ ಹೋದ ಮಗು ಎಲ್ಲಿ ಅಂತ ಯಾರೂ ಕೇಳಲ್ಲ. ಮುಂದಿನ ಸಲ ಹೆಚ್‌ಎಂಗೆ ಮಾತ್ರ ಹೇಳಿ ಒಬ್ಬ ಹುಡುಗನನ್ನು ಲೈಬ್ರರಿಯಲ್ಲಿ ಕೂರಿಸಿ, ಜೊತೆಗೆ ಒಬ್ಬರು ದೊಡ್ಡವರಿರಲಿ. ಅವನಿಲ್ಲ ಅಂತ ಟೀಚರ್‌ಗೆ ಎಷ್ಟು ಹೊತ್ತಿಗೆ ಗೊತ್ತಾಗುತ್ತೆ ನೋಡಿ. ಗೊತ್ತಾದ ಮೇಲೂ ಟೀಚರ್ ಒಳಗೆ ಓಡಬಾರದು, ಬಂದ ಅಗ್ನಿಶಾಮಕ ಸಿಬ್ಬಂದಿಗೆ ಹೇಳಬೇಕು.

ಪ್ರಶ್ನೆ (ಶಿಕ್ಷಕರು, ಮುಳಬಾಗಿಲು):
ಸರ್, ನಮ್ಮಲ್ಲಿ ಏಳನೇ ಕ್ಲಾಸಿನ ಹುಡುಗಿಗೆ ನಡೆಯೋಕೆ ಆಗಲ್ಲ, ಕ್ಲಾಸ್ ಮಹಡಿ ಮೇಲೆ.

ಉತ್ತರ:
ಆ ಇಡೀ ಕ್ಲಾಸನ್ನೇ ಕೆಳಗೆ ತನ್ನಿ ಸರ್, ಬೇರೆ ಉಪಾಯ ಯಾಕೆ? ಆಗೋವರೆಗೆ ಇಬ್ಬರು ದೊಡ್ಡವರ ಹೆಸರು ಬರೆದಿಡಿ, ಎತ್ತಿಕೊಂಡು ಬರೋದನ್ನು ಅವಳನ್ನು ಕೇಳಿಕೊಂಡೇ ಅಭ್ಯಾಸ ಮಾಡಿ. ಸಹಪಾಠಿಗಳ ಮೇಲೆ ಬಿಡಬೇಡಿ.

ಪ್ರಶ್ನೆ (ಮೊದಲ ಶಿಕ್ಷಕಿ):
ಥ್ಯಾಂಕ್ಸ್ ಸರ್, ಗೇಟ್ ವಿಷಯ ನಾಳೆಯೇ ಮಾತಾಡ್ತೀನಿ. ಬೆಂಕಿ ಆರಿಸೋ ಸಿಲಿಂಡರ್ ಒಂದಿದೆ, ಆಫೀಸಿನ ಬೀರು ಹಿಂದೆ. ಬಿಸಿಯೂಟದ ಅಡುಗೆಯವರಿಗೆ ಅದನ್ನು ಹೇಳಿಕೊಡಬೇಕಾ?

ಉತ್ತರ:
ಮೊದಲು ಅವರಿಗೇ! ಶಾಲೆಯಲ್ಲಿ ದಿನಾ ಬೆಂಕಿ ಹಚ್ಚೋರು ಅವರೊಬ್ಬರೇ ಅಲ್ವಾ. ಬೀರು ಹಿಂದಿಂದ ತೆಗೆದು ಅಡುಗೆಮನೆ ಬಾಗಿಲ ಹೊರಗೆ ನೇತುಹಾಕಿ, ಒಲೆ ಪಕ್ಕ ಬೇಡ. ಸಿಲಿಂಡರ್ ಮೇಲಿನ ಮೀಟರ್ ಮುಳ್ಳು ಹಸಿರಲ್ಲಿ ಇದೆಯಾ ನೋಡಿ. ಪಿನ್ ಕಿತ್ತು, ಬೆಂಕಿಯ ಬುಡಕ್ಕೆ ಹಿಡಿದು, ಹಿಡಿ ಒತ್ತಿ, ಆ ಕಡೆ ಈ ಕಡೆ ಆಡಿಸಬೇಕು. 6 ಕೆಜಿ ಪೌಡರ್ ಸಿಲಿಂಡರ್ ಹೆಚ್ಚೂಕಡಿಮೆ 15–20 ಸೆಕೆಂಡಿಗೆ ಖಾಲಿ, ಆದ್ದರಿಂದ ಸಣ್ಣ ಬೆಂಕಿಗೆ ಮಾತ್ರ, ಅದೂ ಬೆನ್ನ ಹಿಂದೆ ಬಾಗಿಲು ಇಟ್ಟುಕೊಂಡು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು, ಗ್ಯಾಸ್ ಆಫ್ ಮಾಡಿ ದೊಡ್ಡ ತಟ್ಟೆ ಮುಚ್ಚಬೇಕು. ಬರೀ ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಲೈಟ್ ಆರಿಸೋಕೂ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ನಿಲ್ಲುತ್ತೆ, ಬಾಗಿಲು ತೆಗೆದು ಎಲ್ಲರೂ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಬೆಂಕಿಗೆ 101 ಅಥವಾ 112.

ಇನ್ನೊಂದು. ಅಗ್ನಿಶಾಮಕ ಸಪ್ತಾಹ ಏಪ್ರಿಲ್ 14ರಿಂದ 20, 1944ರ ಬಾಂಬೆ ಬಂದರಿನ ಸ್ಫೋಟದ ನೆನಪಿಗೆ. ಆಗ ನಿಮಗೆ ಬೇಸಿಗೆ ರಜೆ, ಮಕ್ಕಳೇ ಇರಲ್ಲ. ಆದ್ದರಿಂದ ಶಾಲೆ ಶುರುವಾದ ಮೇಲೆ ಜೂನ್‌ನಲ್ಲೇ ಹತ್ತಿರದ ಠಾಣೆಗೆ ಹೆಚ್‌ಎಂ ಕೈಯಲ್ಲಿ ಒಂದು ಪತ್ರ ಕೊಡಿಸಿ, ಸಿಬ್ಬಂದಿ ಬಂದು ಸಿಲಿಂಡರ್ ಹಿಡಿಯೋದು ತೋರಿಸಿಕೊಡುತ್ತಾರೆ. ಬಂದಾಗ ನಿಮ್ಮ ಮುಂದಿನ ಗೇಟಲ್ಲಿ ಗಾಡಿ ನುಗ್ಗುತ್ತಾ ಅಂತಲೂ ನೋಡಿಸಿಬಿಡಿ.