ಅಲರ್ಜಿ ಬರೆದದ್ದು ಉಂಟು, ಆದರೂ ಕಂಪ್ಯೂಟರ್ ಯಾಕೆ ಎಚ್ಚರಿಸಲಿಲ್ಲ?

ವಾರ್ಡ್‌ಸಿಸ್ಟರ್_ಕುಡ್ಲ

ನಮಸ್ಕಾರ. ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮೆಡಿಕಲ್ ವಾರ್ಡ್ ಸಿಸ್ಟರ್. ಹೋದ ತಿಂಗಳು ನೈಟ್ ಡ್ಯೂಟಿಯಲ್ಲಿ ನಡೆದದ್ದು ಇನ್ನೂ ತಲೆಯಿಂದ ಹೋಗ್ತಾ ಇಲ್ಲ. ಬಂಟ್ವಾಳ ಕಡೆಯ ಒಬ್ಬರು ಅಮ್ಮ ನ್ಯುಮೋನಿಯಾ ಅಂತ ಅಡ್ಮಿಟ್ ಆದರು. ಹಿಂದೆ ಒಮ್ಮೆ ಅಮಾಕ್ಸಿಸಿಲಿನ್ ತಿಂದು ತುಟಿ ಬಾತುಕೊಂಡು ಉಸಿರು ಕಟ್ಟಿತ್ತು ಅಂತ ಮಗಳು ಹೇಳಿದರು, ನಾನು ಅದನ್ನು ಅಡ್ಮಿಷನ್ ನೋಟ್ಸ್‌ನಲ್ಲಿ ಟೈಪ್ ಮಾಡಿದೆ. ಸ್ವಲ್ಪ ಹೊತ್ತಿನಲ್ಲಿ ಡ್ಯೂಟಿ ಡಾಕ್ಟ್ರು ಪಿಪ್‌ಟಾಜ್ ಅಂತ ಒಂದು ಆ್ಯಂಟಿಬಯೋಟಿಕ್ ಇಂಜೆಕ್ಷನ್ ಆರ್ಡರ್ ಹಾಕಿದರು. ಸಿಸ್ಟಮ್‌ನಲ್ಲಿ ಒಂದು ಅಲರ್ಟ್ ಇಲ್ಲ.

ವಯಲ್‌ಗೆ ನೀರು ಹಾಕಿ ಅಲುಗಾಡಿಸ್ತಾ ಇದ್ದೆ. ಮಗಳು ಬಂದು "ಸಿಸ್ಟರ್, ಇದು ಎಂತ ಮದ್ದು?" ಅಂದರು. ಹೆಸರು ಹೇಳಲಿಕ್ಕೆ ಅಂತ ಲೇಬಲ್ ತಿರುಗಿಸಿದೆ. ಪಿಪರಾಸಿಲಿನ್. ಆ "ಸಿಲಿನ್" ಕಂಡ ಕೂಡಲೇ ನನ್ನ ಕೈ ತಣ್ಣಗಾಯಿತು, ಅದೂ ಅಮಾಕ್ಸಿಸಿಲಿನ್ ಹಾಗೆ ಪೆನ್ಸಿಲಿನ್ ಗುಂಪಿನದ್ದೇ.

ಮದ್ದು ಬದಲಾಯಿಸಿದರು, ಅಮ್ಮ ಹುಷಾರಾಗಿ ಮನೆಗೆ ಹೋದರು. ಆದರೆ ಮಗಳು ಕೇಳದೇ ಇದ್ದಿದ್ದರೆ? ಮುಂದಿನ ವಾರ ಸಾಫ್ಟ್‌ವೇರ್‌ನವರ ಜೊತೆ ಮೀಟಿಂಗ್ ಉಂಟು. ನಾನು ಏನು ಕೇಳಬೇಕು?

ಫಾರ್ಮಸಿ_ಉಡುಪಿ

ಸಿಸ್ಟರ್, ನೋಟ್ಸ್‌ನಲ್ಲಿ ಬರೆದದ್ದನ್ನು ಮನುಷ್ಯರು ಓದಬಹುದು, ಕಂಪ್ಯೂಟರ್ ಓದುವುದಿಲ್ಲ. ಅಲರ್ಜಿಗೆ ಅಂತಲೇ ಇರುವ ಜಾಗದಲ್ಲಿ, ಪಟ್ಟಿಯಿಂದ ಮದ್ದನ್ನು ಆರಿಸಿದರೆ ಮಾತ್ರ ಅದು ಆರ್ಡರ್ ಜೊತೆ ತಾಳೆ ನೋಡುತ್ತದೆ. ಅಷ್ಟು ಮಾಡಿದರೂ ಸಾಲದು. ನಮ್ಮಲ್ಲಿ ಎಲ್ಲ ಬ್ರ್ಯಾಂಡ್ ಹೆಸರಿನಲ್ಲೇ ನಡೆಯುವುದು ಅಲ್ವಾ. ಆಗ್‌ಮೆಂಟಿನ್ ಒಳಗೆ ಅಮಾಕ್ಸಿಸಿಲಿನ್ ಉಂಟು, ಕಾಂಬಿಫ್ಲಾಮ್ ಒಳಗೆ ಐಬುಪ್ರೊಫೆನ್ ಉಂಟು ಅಂತ ಯಾರಾದರೂ ಒಬ್ಬರು ಡ್ರಗ್ ಮಾಸ್ಟರ್‌ನಲ್ಲಿ, ಅಂದರೆ ಸಿಸ್ಟಮ್‌ನ ಮದ್ದಿನ ಪಟ್ಟಿಯಲ್ಲಿ, ಜೋಡಿಸಿರಬೇಕು. ಹೊಸ ಸ್ಟಾಕ್ ಬಂದಾಗ ಅವಸರದಲ್ಲಿ ಬ್ರ್ಯಾಂಡ್ ಹೆಸರು, ರೇಟು ಮಾತ್ರ ಹಾಕಿ ಬಿಟ್ಟರೆ ಆ ಮದ್ದಿಗೆ ಅಲರ್ಟ್ ಬರುವುದೇ ಇಲ್ಲ. ಇದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಮೀಟಿಂಗ್‌ಗೆ ಮೊದಲು ಐಟಿಯವರ ಹತ್ತಿರ ಟೆಸ್ಟ್ ಸಿಸ್ಟಮ್‌ನಲ್ಲಿ ಒಂದು ನಕಲಿ ಪೇಷೆಂಟ್ ಮಾಡಿಸಿ. ಪೆನ್ಸಿಲಿನ್ ಅಲರ್ಜಿ ಅಂತ ಸರಿಯಾದ ಜಾಗದಲ್ಲಿ ಹಾಕಿ, ನಿಮ್ಮ ವಾರ್ಡಿನ ಆ್ಯಂಟಿಬಯೋಟಿಕ್ ಒಂದೊಂದೇ ಆರ್ಡರ್ ಮಾಡಿ ನೋಡಿ. ಯಾವುದಕ್ಕೆ ಸುಮ್ನೆ ಕೂತಿತು ಅಂತ ಬರೆದುಕೊಳ್ಳಿ. ಪೆನ್ಸಿಲಿನ್ ಗುಂಪಿನ ಎಲ್ಲದಕ್ಕೂ ಆರ್ಡರ್ ಹೋಗದ ಹಾಗೆ ಬ್ಲಾಕ್ ಮಾಡಿಸಿ ಅಂತ ನನ್ನ ಸಲಹೆ.

ಮೆಡಿಸಿನ್_ಪಿಜಿ

ಎಲ್ಲದಕ್ಕೂ ಬ್ಲಾಕ್ ಬೇಡ, ದಯವಿಟ್ಟು. ಈಗಲೇ ಒಂದು ರೌಂಡ್ಸ್‌ನಲ್ಲಿ ಎಷ್ಟು ಪಾಪ್‌ಅಪ್ ಬರುತ್ತವೆ ಅಂದರೆ ಓದದೇ ಓವರ್‌ರೈಡ್ (ಎಚ್ಚರಿಕೆ ದಾಟಿ ಮುಂದೆ ಹೋಗುವ ಬಟನ್) ಒತ್ತುವುದು ಅಭ್ಯಾಸ ಆಗಿಬಿಟ್ಟಿದೆ. ನಾನೂ ಒತ್ತಿದ್ದೇನೆ, ಅದು ತಪ್ಪು ಅಂತಲೂ ಗೊತ್ತು.

ಮುಖ್ಯ ಕೊರತೆ ಏನೆಂದರೆ, ಏನಾಗಿತ್ತು ಅಂತ ಯಾರೂ ಬರೆಯುವುದಿಲ್ಲ. ಮಾತ್ರೆ ತಿಂದು ವಾಂತಿ ಆದವರಿಗೂ "ಅಲರ್ಜಿ", ಉಸಿರು ಕಟ್ಟಿದವರಿಗೂ "ಅಲರ್ಜಿ". ಎರಡಕ್ಕೂ ಒಂದೇ ಕೆಂಪು ಬಾಕ್ಸ್. ಪೆನ್ಸಿಲಿನ್ ಅಲರ್ಜಿ ಅಂತ ಹೆಸರು ಬಿದ್ದವರಲ್ಲಿ 90%ಕ್ಕಿಂತ ಜಾಸ್ತಿ ಜನಕ್ಕೆ ಸರಿಯಾಗಿ ಪರೀಕ್ಷೆ ಮಾಡಿದರೆ ಏನೂ ಆಗುವುದಿಲ್ಲ. ಪೆನ್ಸಿಲಿನ್ ಆಗದವರಿಗೆ ಸೆಫಲೋಸ್ಪೋರಿನ್ ಅನ್ನೋ ಇನ್ನೊಂದು ಆ್ಯಂಟಿಬಯೋಟಿಕ್ ಗುಂಪೂ ಆಗದೇ ಇರುವುದು, ಅಂದರೆ ಅಡ್ಡ ಅಲರ್ಜಿ, 10% ಅಂತ ಹಿಂದೆ ಕಲಿಸ್ತಿದ್ದರು, ಈಗ ಸುಮಾರು 2% ಅಂತ ಹೇಳುತ್ತಾರೆ, ಅದೂ ಸೈಡ್ ಚೈನ್ (ಮದ್ದಿನ ಅಣುವಿಗೆ ಅಂಟಿಕೊಂಡ ಪಕ್ಕದ ಕೊಂಡಿ) ಎಷ್ಟು ಹೋಲುತ್ತದೆ ಅನ್ನುವುದರ ಮೇಲೆ ಹೋಗುತ್ತದೆ. ಈ ಗುಂಪಿನಲ್ಲೇ, ಅಮಾಕ್ಸಿಸಿಲಿನ್ ಆಗದವರಿಗೆ ಸೆಫಲೆಕ್ಸಿನ್ ಕೊಡುವಾಗ ಜಾಗ್ರತೆ ಬೇಕು, ಸೆಫಜೋಲಿನ್‌ನ ಸೈಡ್ ಚೈನ್ ಬೇರೆಯೇ. ಇವೆರಡಕ್ಕೂ ಸಿಸ್ಟಮ್ ಒಂದೇ ಥರ ಕೂಗಿದರೆ ಯಾರು ಕೇಳ್ತಾರೆ?

ಹಾಗಾಗಿ ಮದ್ದು, ರಿಯಾಕ್ಷನ್, ಎಷ್ಟು ಜೋರು, ಯಾವ ವರ್ಷ, ಈ ನಾಲ್ಕೂ ಹಾಕುವ ಜಾಗ ಕೇಳಿ. ಉಸಿರು ಕಟ್ಟಿದ್ದು, ಮುಖ ಬಾತದ್ದು, ಚರ್ಮ ಸುಲಿದದ್ದು, ಇವಕ್ಕೆ ಮಾತ್ರ ಬ್ಲಾಕ್. ನೀವು ಹೇಳಿದ ಆ ಅಮ್ಮನ ಕೇಸು ಅದೇ. ಆದರೆ ಹಳೆ ಅಲರ್ಜಿಯನ್ನು ಅಂದಾಜಿನ ಮೇಲೆ ಯಾರೂ ಅಳಿಸಬಾರದು, ಪರೀಕ್ಷೆ ಆಗಿಯೇ ತೆಗೆಯಬೇಕು.

ಒಪಿಡಿ_ಅಕ್ಕ

ಕೇಳುವ ರೀತಿಯೂ ಸರಿ ಆಗಬೇಕು. "ಅಲರ್ಜಿ ಉಂಟಾ?" ಅಂತ ಕೇಳಿದರೆ ನಮ್ಮ ಊರಿನವರು ಧೂಳು, ಎಟ್ಟಿ (ಸಿಗಡಿ) ಅಂತ ಹೇಳ್ತಾರೆ. ನಾನು "ಯಾವುದಾದರೂ ಮಾತ್ರೆ, ಇಂಜೆಕ್ಷನ್ ತಗೊಂಡು ಮೈಯಲ್ಲಿ ಗಂಧೆ ಎದ್ದದ್ದು, ಮುಖ ಬಾತದ್ದು ಉಂಟಾ?" ಅಂತಲೇ ಕೇಳುವುದು. ಮತ್ತೆ, ಅಲರ್ಜಿ ಜಾಗ ಖಾಲಿ ಇದ್ದರೆ ಅಲರ್ಜಿ ಇಲ್ಲ ಅಂತ ಅರ್ಥವಾ, ಯಾರೂ ಕೇಳಲಿಲ್ಲ ಅಂತಲಾ? "ಕೇಳಿದ್ದೇವೆ, ಇಲ್ಲ" ಅಂತ ಬೇರೆ ಬಟನ್ ಬೇಕೇ ಬೇಕು.

ವಾರ್ಡ್‌ಸಿಸ್ಟರ್_ಕುಡ್ಲ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ನಕಲಿ ಪೇಷೆಂಟ್ ಮಾಡಿ ನೋಡಿದೆವು. ಆಂಪಿಸಿಲಿನ್‌ಗೆ ಅಲರ್ಟ್ ಬಂತು, ಆಗ್‌ಮೆಂಟಿನ್‌ಗೂ ಬಂತು. ಪಿಪ್‌ಟಾಜ್‌ಗೆ ಬರಲಿಲ್ಲ. ಅಂದರೆ ನಾನು ಅವತ್ತು ಸರಿಯಾದ ಜಾಗದಲ್ಲೇ ಹಾಕಿದ್ದರೂ ಅದು ಸುಮ್ನೆ ಇರುತ್ತಿತ್ತು. ಸ್ಕ್ರೀನ್‌ಶಾಟ್ ತೆಗೆದು ಫಾರ್ಮಸಿ ಸರ್‌ಗೆ ಕಳಿಸಿದ್ದೇನೆ, ನಾಳೆ ಬೆಳಿಗ್ಗೆ ಇಬ್ಬರೂ ಕೂತು ಉಳಿದ ಬ್ರ್ಯಾಂಡ್ ನೋಡುತ್ತೇವೆ.