ಸೆಂಟ್ರಾಯ್ಡ್: ಎಕ್ಸ್-ಬಾರ್ ಸರಿ ಬರ್ತಿದೆ, ವೈ-ಬಾರ್ ಮಾತ್ರ ತಾಳೆ ಆಗ್ತಿಲ್ಲ

ಬಾಗುಗೆರೆ:
ತಲೆ ಕೆಟ್ಟು ಹೋಗಿದೆ. ಪ್ಯಾರಾಬೊಲಾಕ್ಕೂ ಒಂದು ನೇರ ಗೆರೆಗೂ ನಡುವಿನ ಭಾಗದ ಸೆಂಟ್ರಾಯ್ಡ್ ಬೇಕು, ಅಂದ್ರೆ ಆಕೃತಿಯ ಸರಾಸರಿ ನಡುಬಿಂದು; ಎಕ್ಸ್-ಬಾರ್, ವೈ-ಬಾರ್ ಅದರ ಎಕ್ಸ್, ವೈ ಬೆಲೆಗಳು. ಎಕ್ಸ್-ಬಾರ್ 1.6 ಬಂತು, ಕೊಟ್ಟಿರೋ ಉತ್ತರವೂ ಅದೇ. ವೈ-ಬಾರ್ ಮಾತ್ರ 0.2 ಬರುತ್ತೆ, ಉತ್ತರದಲ್ಲಿ 1 ಅಂತಿದೆ. ಇಂಟಿಗ್ರೇಶನ್ ಮೊದಲಿಂದ ಮಾಡಿದರೂ ಮತ್ತೆ 0.2. ಉತ್ತರವೇ ತಪ್ಪು ಅಚ್ಚಾಗಿದೆಯಾ?

ತ್ರಿಜ್ಯ:
ಯಾವ ಪ್ಯಾರಾಬೊಲಾ, ಯಾವ ಗೆರೆ, ಆಕೃತಿಯನ್ನ ಕತ್ತರಿಸೋಕೆ ಯಾವ ಸ್ಟ್ರಿಪ್ (ತೆಳು ಪಟ್ಟಿ) ತಗೊಂಡ್ರಿ, ಒಂದನ್ನೂ ಬರೆದಿಲ್ಲ. ಆದರೂ ಲಕ್ಷಣ ನೋಡಿದ್ರೆ ಲಿಮಿಟ್ಸ್ (ಇಂಟಿಗ್ರೇಶನ್ ಶುರುವಾಗೋ, ಮುಗಿಯೋ ಬೆಲೆಗಳು) ತಪ್ಪು. ವೈ-ಬಾರ್‌ಗೆ ಅಡ್ಡ ಸ್ಟ್ರಿಪ್ ತಗೊಂಡು, ಡಿವೈ ಅಂತ ಬರೆದು, ಲಿಮಿಟ್ಸ್ ಎಕ್ಸ್‌ನದ್ದನ್ನೇ ಉಳಿಸಿರ್ತೀರಿ. ಹತ್ತರಲ್ಲಿ ಒಂಬತ್ತು ಜನ ಎಡವೋದು ಅಲ್ಲೇ.

ಬಾಗುಗೆರೆ:
ವೈ² = ಎಕ್ಸ್, ಮತ್ತೆ ವೈ = ಎಕ್ಸ್/2. ಎರಡೂ (0, 0) ಮತ್ತು (4, 2)ರಲ್ಲಿ ಸೇರುತ್ತವೆ. ಲಿಮಿಟ್ಸ್ 0 ಇಂದ 4, ಸರಿಯಾಗೇ ಇದೆ.

ತ್ರಿಜ್ಯ:
ನೋಡಿ, ಅದೇ ಹೇಳಿದ್ದು. ವೈ-ಬಾರ್‌ಗೆ 0 ಇಂದ 2 ಹಾಕಬೇಕು, 4 ಅಲ್ಲ. ಹಾಕಿ ನೋಡಿ, ಸರಿಹೋಗುತ್ತೆ.

ಸಮತೋಲ:
ತ್ರಿಜ್ಯ ಅವರೇ, ಅಡ್ಡ ಸ್ಟ್ರಿಪ್‌ಗೆ 4ರ ತನಕ ಹೋಗಿದ್ದರೆ ವಿಸ್ತೀರ್ಣವೇ ಮೈನಸ್ ಬರ್ತಿತ್ತು: ∫(2ವೈ − ವೈ²)ಡಿವೈ, 0 ಇಂದ 4, ಬೆಲೆ −16/3. 0.2 ಬರೋ ದಾರಿ ಅದಲ್ಲ. ಎಕ್ಸ್-ಬಾರ್ 1.6 ಸರಿ ಬಂದಿದೆ ಅಂದ್ರೆ ವಿಸ್ತೀರ್ಣವೂ ಸರಿ ಇದೆ, ಆ ಲಿಮಿಟ್ಸೂ ಸರಿ ಇವೆ. ಉಳಿದಿರೋದು ವೈ-ಬಾರ್‌ನ ಭಾಗಾಕಾರದಲ್ಲಿ ವಿಸ್ತೀರ್ಣದ ಮೇಲೆ ಬರೆಯೋ ಇಂಟಿಗ್ರಲ್ ಒಂದೇ. ಬಾಗುಗೆರೆ, ಅಲ್ಲಿ ಸ್ಟ್ರಿಪ್‌ನ ವೈ ಎಷ್ಟು ಅಂತ ಹಾಕಿದ್ರಿ?

ಬಾಗುಗೆರೆ:
ಎಲ್ಲರೂ ಹಾಕೋ ಹಾಗೆ ಎತ್ತರದ ಅರ್ಧ. ಸ್ಟ್ರಿಪ್ ನೆಟ್ಟಗೆ ನಿಂತಿದ್ದು, ದಪ್ಪ ಡಿಎಕ್ಸ್, ಎತ್ತರ √ಎಕ್ಸ್ − ಎಕ್ಸ್/2. ಅದರ ಅರ್ಧ.

ತ್ರಿಜ್ಯ:
ಲಿಮಿಟ್ಸ್ ಅಲ್ಲದಿದ್ದರೆ √ಎಕ್ಸ್‌ನ ಘಾತ ತಪ್ಪಿರಬೇಕು. ಎಕ್ಸ್ × √ಎಕ್ಸ್ ಅಂದ್ರೆ ಘಾತ 1.5, ಇಂಟಿಗ್ರೇಟ್ ಮಾಡಿದ್ಮೇಲೆ 2.5ರಿಂದ ಭಾಗಿಸಬೇಕು.

ಸಮತೋಲ:
ಘಾತವೂ ಅಲ್ಲ. ಎಡವಟ್ಟು ಸಿಕ್ತು, ಆ "ಎತ್ತರದ ಅರ್ಧ".

ಎತ್ತರದ ಅರ್ಧ ಅನ್ನೋದು ಸ್ಟ್ರಿಪ್‌ನ ಬುಡದಿಂದ ಅದರ ನಡುವಿಗೆ ಇರೋ ದೂರ. ನಮಗೆ ಬೇಕಾದ್ದು ಎಕ್ಸ್-ಅಕ್ಷದಿಂದ ನಡುವಿಗೆ ಇರೋ ದೂರ. ಬುಡ ಅಕ್ಷದ ಮೇಲೇ ಕೂತಿದ್ದರೆ ಎರಡೂ ಒಂದೇ, ಅದಕ್ಕೇ ಮೊದಮೊದಲ ಲೆಕ್ಕಗಳಲ್ಲಿ ವೈ/2 ಹಾಕಿದರೂ ನಡೆಯುತ್ತೆ. ಇಲ್ಲಿ ಬುಡ ಎಕ್ಸ್/2 ಗೆರೆ ಮೇಲಿದೆ. ಎಕ್ಸ್ = 1ರ ಸ್ಟ್ರಿಪ್ ನೋಡಿ: ಕೆಳತುದಿ 0.5, ಮೇಲ್ತುದಿ 1, ನಡು 0.75. ನೀವು ಹಾಕಿದ್ದು 0.25. ಇಡೀ ಆಕೃತಿಯನ್ನ ಕೆಳಗೆ ಜಾರಿಸಿ ಅಕ್ಷದ ಮೇಲೆ ಮಲಗಿಸಿ ಲೆಕ್ಕ ಮಾಡಿದ ಹಾಗಾಯ್ತು.

ಆದ್ದರಿಂದ ಸ್ಟ್ರಿಪ್‌ನ ವೈ = (ಮೇಲಿನದು + ಕೆಳಗಿನದು)/2, ಅದರ ವಿಸ್ತೀರ್ಣ ಡಿಎ = (ಮೇಲಿನದು − ಕೆಳಗಿನದು)ಡಿಎಕ್ಸ್. ಗುಣಿಸಿದಾಗ ವರ್ಗಗಳ ವ್ಯತ್ಯಾಸ ಸಿಗುತ್ತೆ, ವ್ಯತ್ಯಾಸದ ವರ್ಗ ಅಲ್ಲ:
½∫(ಎಕ್ಸ್ − ಎಕ್ಸ್²/4)ಡಿಎಕ್ಸ್, 0 ಇಂದ 4 = ½(8 − 16/3) = 4/3.
ವಿಸ್ತೀರ್ಣ 16/3 − 4 = 4/3. ಭಾಗಿಸಿದ್ರೆ ವೈ-ಬಾರ್ 1.

ನಿಮ್ಮ ರೀತಿಯಲ್ಲಿ ½∫(√ಎಕ್ಸ್ − ಎಕ್ಸ್/2)²ಡಿಎಕ್ಸ್ = 4/15, ಭಾಗಿಸಿದ್ರೆ ಸರಿಯಾಗಿ 0.2. ಎಕ್ಸ್-ಬಾರ್ ಕೆಡದೇ ಇದ್ದಿದ್ದು ಯಾಕೆ ಅಂದ್ರೆ ನಿಂತ ಸ್ಟ್ರಿಪ್‌ನ ಎಕ್ಸ್ ಒಂದೇ, ಅದನ್ನ ಮೇಲೆ ಕೆಳಗೆ ಜಾರಿಸಿದರೂ ಬದಲಾಗಲ್ಲ.

ಇನ್ನೊಂದು ಮಾತು. ಈ ಆಕೃತಿಗೆ ಒಳಬಾಗು ಎಲ್ಲೂ ಇಲ್ಲ, ಹಾಗಾಗಿ ಸೆಂಟ್ರಾಯ್ಡ್ ಒಳಗೇ ಬೀಳಬೇಕು. ಎಕ್ಸ್ = 1.6ರಲ್ಲಿ ವೈ 0.8ರಿಂದ 1.265ರ ತನಕ ಮಾತ್ರ ಇದೆ. 0.2 ಅನ್ನೋದು ಆಕೃತಿಯಿಂದಲೇ ಆಚೆ. ಚಿತ್ರದ ಮೇಲೆ ಚುಕ್ಕಿ ಇಟ್ಟಿದ್ದರೆ ಅಲ್ಲೇ ಗೊತ್ತಾಗ್ತಿತ್ತು.

ಶೂನ್ಯಬಲ:
ಡಬಲ್ ಇಂಟಿಗ್ರಲ್ ಹಾಕಿದ್ರೆ ಈ ಗೋಳೇ ಇಲ್ಲ. ∫∫ ವೈ ಡಿವೈ ಡಿಎಕ್ಸ್ ಬರೆದು ಒಳಗಿನದಕ್ಕೆ ಎಕ್ಸ್/2 ಇಂದ √ಎಕ್ಸ್ ಕೊಟ್ರೆ ಆ ½(ಎಕ್ಸ್ − ಎಕ್ಸ್²/4) ತಾನಾಗೇ ಬರುತ್ತೆ. ಸ್ಟ್ರಿಪ್‌ನ ನಡು ಎಲ್ಲಿ ಅಂತ ಯೋಚಿಸೋ ಅಗತ್ಯವೇ ಬೀಳಲ್ಲ.

ತ್ರಿಜ್ಯ:
ಯೋಚಿಸೋ ಅಗತ್ಯ ಇದೆ. ಸ್ಟ್ಯಾಟಿಕ್ಸ್‌ನಲ್ಲಿ ಮೊಮೆಂಟ್ (ವಿಸ್ತೀರ್ಣ × ಅಕ್ಷದಿಂದ ದೂರ) ಅರ್ಥ ಆಗೋದೇ ಸ್ಟ್ರಿಪ್‌ನಿಂದ. ಈ ಲೆಕ್ಕಕ್ಕೆ ಅಡ್ಡ ಸ್ಟ್ರಿಪ್ಪೇ ಸರಿ: ಉದ್ದ 2ವೈ − ವೈ², ದೂರ ಬರೀ ವೈ, ಲಿಮಿಟ್ಸ್ 0 ಇಂದ 2. ∫(2ವೈ² − ವೈ³)ಡಿವೈ = 16/3 − 4 = 4/3. ವರ್ಗಮೂಲದ ಗೊಡವೆಯೇ ಇಲ್ಲ.

ಸಮತೋಲ:
ವೈ-ಬಾರ್‌ಗೆ ಅಡ್ಡ ಸ್ಟ್ರಿಪ್ ಚೆನ್ನ, ಒಪ್ಪಿದೆ. ಆದರೆ ಅದೇ ಸ್ಟ್ರಿಪ್‌ನಲ್ಲಿ ಎಕ್ಸ್-ಬಾರ್ ತೆಗೆಯೋಕೆ ಹೋದ್ರೆ (2ವೈ + ವೈ²)/2 ಹಾಕಬೇಕು. ಅಲ್ಲೂ ಉದ್ದದ ಅರ್ಧ ಹಾಕಿದ್ರೆ ಇದೇ ತಪ್ಪು, ದಿಕ್ಕು ಮಾತ್ರ ಬೇರೆ.

ಶೂನ್ಯಬಲ:
ಕೈಲೆಕ್ಕದ ಜಗಳ ಯಾಕೆ? ನನ್ನ ಸೆಟಪ್‌ನಲ್ಲಿ ಪೈಥಾನ್ ಸ್ಕ್ರಿಪ್ಟ್ ಇದೆ. ಅಂಚಿನ ಬಿಂದುಗಳನ್ನ ಸಾಲಾಗಿ ಕೊಟ್ರೆ ಪಾಲಿಗನ್ ಸೂತ್ರದಲ್ಲಿ ವಿಸ್ತೀರ್ಣ, ಎಕ್ಸ್-ಬಾರ್, ವೈ-ಬಾರ್ ಮೂರೂ ಒಟ್ಟಿಗೆ ಬರುತ್ತೆ. ಬಿಂದುಗಳನ್ನ ಗಡಿಯಾರದ ದಿಕ್ಕಲ್ಲಿ ಕೊಟ್ರೆ ವಿಸ್ತೀರ್ಣ ಮೈನಸ್ ಬರುತ್ತೆ, ಆದರೆ ಸೆಂಟ್ರಾಯ್ಡ್ ಕೆಡಲ್ಲ, ಮೇಲೂ ಮೈನಸ್ ಕೆಳಗೂ ಮೈನಸ್. ಮೈನಸ್ ಕಂಡು ಗಾಬರಿಯಾಗಿ ವಿಸ್ತೀರ್ಣವನ್ನಷ್ಟೇ ಪ್ಲಸ್ ಮಾಡಿದ್ರೆ ಉತ್ತರದ ಚಿಹ್ನೆ ತಿರುಗುತ್ತೆ. √ಎಕ್ಸ್ ಸೊನ್ನೆ ಹತ್ರ ಕಡಿದಾಗಿ ಏರೋದರಿಂದ ಬಿಂದುಗಳನ್ನ ವೈನಲ್ಲಿ ಸಮ ಅಂತರಕ್ಕೆ ಇಡಿ, ಎಕ್ಸ್‌ನಲ್ಲಿ ಅಲ್ಲ.

ಸಮತೋಲ:
ಬರೀ ತಾಳೆ ನೋಡೋಕೆ ಅಷ್ಟು ಬೇಡ. ಎಕ್ಸ್ = 0.5, 1.5, 2.5, 3.5 ಅಂತ ನಾಲ್ಕೇ ಸ್ಟ್ರಿಪ್ ತಗೊಂಡ್ರೂ ಎಕ್ಸ್-ಬಾರ್ ಸುಮಾರು 1.584, ವೈ-ಬಾರ್ ಸುಮಾರು 0.994 ಬರುತ್ತೆ. ಅಷ್ಟರಲ್ಲೇ 0.2 ಅಲ್ಲ ಅಂತ ತೀರ್ಮಾನ ಆಗುತ್ತೆ.

ಇಂಟಿಗ್ರೇಶನ್ ಇಲ್ಲದೆ ನೋಡೋದಾದರೆ ಪ್ಯಾಪಸ್–ಗುಲ್ಡಿನ್ ಪ್ರಮೇಯ (ತಿರುಗಿಸಿದ ಘನಫಲ = ವಿಸ್ತೀರ್ಣ × ಸೆಂಟ್ರಾಯ್ಡ್ ಸುತ್ತುವ ದೂರ) ಇನ್ನೂ ಚೆಂದ, ಘನಫಲ ಗೊತ್ತಿದ್ದರೆ ಸಾಕು: ಇದನ್ನ ಎಕ್ಸ್-ಅಕ್ಷದ ಸುತ್ತ ತಿರುಗಿಸಿದ ಘನಫಲ 8π/3, ಅದನ್ನ 2π × 4/3ರಿಂದ ಭಾಗಿಸಿ, 1. ಆರ್ಕಿಮಿಡೀಸ್ ಕೂಡ ಇಂಥ ಪ್ಯಾರಾಬೊಲಾ ತುಂಡಿನ ಸೆಂಟ್ರಾಯ್ಡ್ ಎಲ್ಲಿರುತ್ತೆ ಅಂತ ಕ್ಯಾಲ್ಕುಲಸ್ ಹುಟ್ಟೋಕೆ ಎಷ್ಟೋ ಮುಂಚೆ ತೋರಿಸಿದ್ದಾನೆ. ಗೆರೆಯ ಮಧ್ಯಬಿಂದು (2, 1). ಅಲ್ಲಿಂದ ಪ್ಯಾರಾಬೊಲಾದ ಅಕ್ಷಕ್ಕೆ ಸಮಾಂತರವಾಗಿ ಹೋದರೆ ಅಂಚು (1, 1)ರಲ್ಲಿ ಸಿಗುತ್ತೆ. ಆ ಅಂಚಿನಿಂದ ಮಧ್ಯಬಿಂದುವಿನ ಕಡೆಗೆ 3/5 ಭಾಗ ಬಂದ್ರೆ (1.6, 1). ಎರಡೂ ಉತ್ತರ ಒಂದೇ ಗೆರೆ ಮೇಲೆ.

ಬಾಗುಗೆರೆ:
ವರ್ಗಗಳ ವ್ಯತ್ಯಾಸ ಹಾಕಿದೆ, 1 ಬಂತು. ಧನ್ಯವಾದ. ಅಕ್ಷಕ್ಕೆ ಅಂಟದ ಎಲ್ಲ ಆಕೃತಿಗೂ ಹೀಗೇನಾ?

ಸಮತೋಲ:
ಹೌದು, ಒಂದು ಷರತ್ತಿದೆ. ಮೇಲಿನ ಗೆರೆ ಮಧ್ಯದಲ್ಲಿ ಬದಲಾದ್ರೆ ಅಲ್ಲಿಗೆ ಇಂಟಿಗ್ರಲ್ ಒಡೆಯಬೇಕು.

ಕಂಸ:
ಇದೇ ಎಳೆಯಲ್ಲಿ ಕೇಳ್ತೀನಿ. ಕಾಲು ವೃತ್ತ, ಪೋಲಾರ್‌ನಲ್ಲಿ, ಅಂದ್ರೆ ಕೇಂದ್ರದಿಂದ ದೂರ ಮತ್ತು ಕೋನ ಥೀಟಾ ಹಿಡಿದು; ಆರ್ ಅಂದ್ರೆ ವೃತ್ತದ ತ್ರಿಜ್ಯ. ಡಿಎ = ½ಆರ್² ಡಿಥೀಟಾ, ದೂರ ಆರ್ ಕಾಸ್ ಥೀಟಾ. ಎಕ್ಸ್-ಬಾರ್ 0.637ಆರ್ ಬರ್ತಿದೆ, ಬರಬೇಕಾದ್ದು 0.424ಆರ್.

ತ್ರಿಜ್ಯ:
ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆ. ರೇಡಿಯನ್‌ಗೆ ಹಾಕಿ.

ಸಮತೋಲ:
ಡಿಗ್ರಿ ಆಗಿದ್ದರೆ ಉತ್ತರ ಇಷ್ಟು ಹತ್ರ ಬರ್ತಿರಲಿಲ್ಲ. 0.637ಆರ್ ಅಂದ್ರೆ 2ಆರ್/π, ಅದು ಕಾಲು ವೃತ್ತದ ತಂತಿಯ ಸೆಂಟ್ರಾಯ್ಡ್, ತಗಡಿನದ್ದಲ್ಲ. ಪೋಲಾರ್ ಸ್ಟ್ರಿಪ್ ಒಂದು ಸಪೂರ ತ್ರಿಕೋನ, ತುದಿ ಕೇಂದ್ರದಲ್ಲಿ. ಅದರ ಸೆಂಟ್ರಾಯ್ಡ್ ತುದಿಯಿಂದ ⅔ ಆರ್ ದೂರದಲ್ಲಿದೆ, ಕಮಾನಿನ ಮೇಲಲ್ಲ. ದೂರ ⅔ ಆರ್ ಕಾಸ್ ಥೀಟಾ ಅಂತ ಹಾಕಿ, 4ಆರ್/3π ಬರುತ್ತೆ.