‘ಹಂಚಿಕೊಂಡ ಮೀನು ದಾಸ್ತಾನು’: ಬೇರೆ ಪದ ಇದೆಯಾ? (ತುರ್ತು)

ಕಲಬುರಗಿಯಿಂದ:
ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕವೊಂದನ್ನು ತಿದ್ದುತ್ತಿದ್ದೇನೆ. ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಪಾಠ ಕಡಲ ಮೀನುಗಾರಿಕೆಯದ್ದು. 12 ನಾಟಿಕಲ್ ಮೈಲಿವರೆಗೆ ರಾಜ್ಯದ ಕೈಯಲ್ಲಿ, ಅದರಾಚೆ 200ರವರೆಗೆ ಕೇಂದ್ರದ್ದು. ಮೀನಿಗೆ ಇದ್ಯಾವುದೂ ಗೊತ್ತಿಲ್ಲ. ಗೋವಾ, ಕರ್ನಾಟಕ, ಕೇರಳ ಅಂತ ನೋಡದೆ ಓಡಾಡಿಕೊಂಡಿರುತ್ತದೆ. ಹಾಗಾಗಿ ಅಕ್ಕಪಕ್ಕದ ರಾಜ್ಯಗಳು ಕೂಡಿ ನಿಯಮ ಮಾಡಬೇಕು ಅಂತ ಪಾಠ ಹೇಳುತ್ತದೆ. ಅಲ್ಲಿನ ‘ಶೇರ್ಡ್ ಸ್ಟಾಕ್’ಗೆ ಅನುವಾದಕರು ‘ಹಂಚಿಕೊಂಡ ಮೀನು ದಾಸ್ತಾನು’ ಅಂತ ಬರೆದಿದ್ದಾರೆ. ಓದಿದರೆ ಗೋದಾಮಿನ ಒಣಮೀನು ಕಣ್ಣಿಗೆ ಬರುತ್ತದೆ.

ಯಾದಗಿರಿಯಿಂದ:
ದಾಸ್ತಾನು ಪಾರಸಿ ಕಡೆಯದ್ದು, ತೆಗೆಯಿರಿ. ಹಳಗನ್ನಡದ ‘ಪುದು’ ಇದೆ, ಆಮೇಲೆ ‘ಹುದು’ ಆಯಿತು. ಕೂಡಿಕೆ, ಪಾಲುಗಾರಿಕೆ ಅಂತ ಅರ್ಥ. ತಮಿಳಿನ ‘ಪೊದು’ ಇದರ ಒಡಹುಟ್ಟು. ‘ಹುದುಮೀನು’ ಅಂತ ಬರೆಯಿರಿ, ಮುಗೀತು.

ಬೀದರ್‌ನಿಂದ:
ಮುಗೀಲಿಲ್ಲ. ಬಂಗುಡೆ, ಬೂತಾಯಿ ಥರ ‘ಹುದುಮೀನು’ ಕೂಡ ಒಂದು ಜಾತಿ ಅಂದುಕೊಳ್ತಾರೆ ಓದೋ ಹುಡುಗರು. ಪಾರಸಿ ಬೇಡ ಅನ್ನೋರು ಜಮೀನು, ಅರ್ಜಿ ಬಿಟ್ಟು ನಮ್ಮ ಕಡೆ ಒಂದು ದಿನ ಬದುಕಿ ತೋರಿಸಲಿ.

ಕೆಟ್ಟಿರೋದು ‘ಹಂಚಿಕೊಂಡ’. ಹಂಚಿಕೆ ಅಂದ ಕೂಡಲೇ ನಮಗೆ ನದಿ ನೆನಪಾಗುತ್ತದೆ. ಬಚಾವತ್ ನ್ಯಾಯಮಂಡಳಿ ಕೃಷ್ಣೆಯಲ್ಲಿ ಕರ್ನಾಟಕಕ್ಕೆ 700 ಟಿಎಂಸಿ ಕೊಟ್ಟಿತು. ಅದು ಹಂಚಿಕೆ. ಅಳೆದು, ಇಷ್ಟು ನಿಂದು, ಇಷ್ಟು ನಂದು. ಬೂತಾಯಿಯನ್ನು ಹಾಗೆ ಯಾರೂ ಹಂಚಿಲ್ಲ. ಕೇರಳದಲ್ಲಿ ಅದನ್ನೇ ಮತ್ತಿ ಅಂತಾರೆ. ಯಾರ ಬಲೆಗೆ ಬಿತ್ತೋ ಅವರದ್ದು, ತೊಂದರೆಯೇ ಅದು! ರಾಜ್ಯಗಳು ಕೂಡಿ ಮಾಡಬೇಕಾದದ್ದು ಹಿಡಿಯೋದಕ್ಕೆ ಒಂದೇ ಥರ ತಡೆ ಹಾಕೋದು. ಅದೂ ಪೂರ್ತಿ ಒಂದೇ ಥರ ಇಲ್ಲ. ಕರ್ನಾಟಕ, ಗೋವಾದಲ್ಲಿ ಮಳೆಗಾಲದ ನಿಷೇಧ ಜೂನ್ 1ರಿಂದ ಜುಲೈ 31, ಅಂದರೆ 61 ದಿನ. ಕೇರಳದ ಟ್ರಾಲಿಂಗ್ (ಬೋಟಿನ ಹಿಂದೆ ಬಲೆ ಎಳೆದು ಮೀನು ಹಿಡಿಯೋದು) ನಿಷೇಧ ಜೂನ್ 9ರ ಮಧ್ಯರಾತ್ರಿಯಿಂದ, 52 ದಿನ. ಜೂನ್ ಮೊದಲ ವಾರ ನಮ್ಮ ಬೋಟು ದಡದಲ್ಲಿ, ಅವರದ್ದು ಕಡಲಲ್ಲಿ. ಇದಕ್ಕೆ ‘ಹಂಚಿಕೊಂಡ’ ಅನ್ನೋದು ಹೇಗೆ?

‘ಜಂಟಿ’ ಹಾಕಿ. ಪಹಣಿಯಲ್ಲಿ ಜಂಟಿ ಖಾತೆ ನೋಡದವರು ಯಾರಿದ್ದಾರೆ? ಎಲ್ಲರ ಹೆಸರೂ ಇದೆ, ಪಾಲು ಮಾತ್ರ ಆಗಿಲ್ಲ. ಸ್ಟಾಕ್‌ಗೆ ‘ಸಂತತಿ’ ಸರಿ. ‘ಜಂಟಿ ಮೀನು ಸಂತತಿ’.

ಯಾದಗಿರಿಯಿಂದ:
ಜಂಟಿ ಸಂತತಿ ಅಂದರೆ ಬಂಗುಡೆಗೂ ಬೂತಾಯಿಗೂ ಹುಟ್ಟಿದ್ದು. ಸುಮ್ನೆ ಇರಿ. ಒಳ್ಳೆಯ ಪದ ಮನೆಯಲ್ಲೇ ಇರುವಾಗ ಪಕ್ಕದ ಮನೆಯಿಂದ ಯಾಕೆ ತರಬೇಕು? ಹೀಗೆ ತಂದು ತಂದೇ ಕನ್ನಡದಲ್ಲಿ ಪದ ಕಟ್ಟುವ ಅಭ್ಯಾಸ ತಪ್ಪಿಹೋಗಿದೆ.

ಕಲಬುರಗಿಯಿಂದ:
ಸಂತತಿ ಬಿಟ್ಟೆ. ‘ಜಂಟಿ ಮೀನು ಸಂಪತ್ತು’ ಅಂತ ಹಾಕಿದ್ದೇನೆ. ಮೊದಲು ಬರುವ ಕಡೆ ‘ಒಂದಕ್ಕಿಂತ ಜಾಸ್ತಿ ರಾಜ್ಯಗಳ ಕಡಲಲ್ಲಿ ಓಡಾಡುವ ಒಂದೇ ಜಾತಿಯ ಮೀನುಗಳ ಗುಂಪು’ ಅಂತ ವಿವರಣೆಯೂ ಇದೆ.

ಯಾದಗಿರಿಯಿಂದ:
ಸಂಪತ್ತು ಸಂಸ್ಕೃತ. ‘ಮೀನಸಿರಿ’ ಅನ್ನಬಹುದಿತ್ತು.

ಬೀದರ್‌ನಿಂದ:
ಸಿರಿ ‘ಶ್ರೀ’ಯ ತದ್ಭವ. ನಿಮಗೆ ಉಳಿದದ್ದು ಮೀನೊಂದೇ.